ಕೊಕ್ಕೆಸೂಜಿಯ ಕಸೂತಿ: ಕಡೂರು, ತರೀಕೆರೆ, ಅಜ್ಜಂಪುರ ಪರಿಸರದಲ್ಲಿ ಒಂದು ಹವ್ಯಾಸದ ಕಲಿಕೆ

ಮದುವೆಯ ರವಿಕೆಗಳ ಮೂಲಕ ಇಂದು ಮನೆಮಾತಾಗಿರುವ ಮಣಿಗಸೂತಿಗೆ ಕಡೂರು, ತರೀಕೆರೆ ಹಾಗೂ ಅಜ್ಜಂಪುರದ ಹೊಲಿಗೆ ಅಂಗಡಿಗಳಲ್ಲಿ 'ಆರಿ ವರ್ಕ್' ಅಥವಾ 'ಮಗ್ಗಂ ವರ್ಕ್' ಎಂಬ ಹೆಸರುಗಳಿವೆ. ಎರಡನೆಯ ಹೆಸರು ದಾರಿ ತಪ್ಪಿಸುವಂಥದು, ಇಲ್ಲಿ ನೇಯ್ಗೆಯಿಲ್ಲ. ಬಟ್ಟೆಯನ್ನು ಬಿಗಿದು ಕಟ್ಟುವ ಮರದ ಚೌಕಟ್ಟು ಮಗ್ಗವನ್ನು ಹೋಲುವುದರಿಂದ ಆ ಹೆಸರು ನಿಂತಿದೆ. ಬಿಡುವಿನ ವೇಳೆಯ ಹವ್ಯಾಸವಾಗಿ ಕಲಿಯಲಾಗುವ ಈ ಕೈಗೆಲಸದ ಸ್ವರೂಪವನ್ನೂ, ಇದೇ ಪರಿಸರದ ಲಂಬಾಣಿ ಕಸೂತಿಯೊಡನೆ ಅದಕ್ಕಿರಬಹುದಾದ ಸಂಬಂಧವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಸಂಸ್ಕೃತದಲ್ಲಿ 'ಆರಾ' ಎಂದರೆ ಚರ್ಮವನ್ನು ಚುಚ್ಚುವ ಉಪಕರಣ. ಕಚ್ಛ್ ಮತ್ತು ಗುಜರಾತಿನ ಮೋಚಿ ಸಮುದಾಯದವರು ಚರ್ಮದ ಕೆಲಸದ ಮೊನೆಗೆ ಸಣ್ಣ ಕೊಕ್ಕೆ ಕೊಟ್ಟು ಬಟ್ಟೆಯ ಮೇಲೆ ಸರಪಣಿ ಹೊಲಿಗೆ ಹಾಕುವುದರಲ್ಲಿ ಪರಿಣತರಾಗಿದ್ದರು. ಗುಜರಾತಿನ ಇಂತಹ ಕಸೂತಿ ವಸ್ತ್ರಗಳು 17ನೆಯ ಶತಮಾನದಲ್ಲಿಯೇ ಯುರೋಪನ್ನು ತಲಪಿದ್ದವು. 18ನೆಯ ಶತಮಾನದ ಫ್ರಾನ್ಸಿನಲ್ಲಿ ಈ ಬಗೆಯ ಕೆಲಸಕ್ಕೆ 'ತಾಂಬೂರ್', ಅಂದರೆ ಡೋಲು, ಎಂಬ ಹೆಸರಾಯಿತು. ಬಟ್ಟೆಯನ್ನು ಡೋಲಿನ ಚರ್ಮದಂತೆ ಬಿಗಿಯುವುದೇ ಅದಕ್ಕೆ ಕಾರಣ. ಸೇಂಟ್‌ ಓಬನ್ 1770ರಲ್ಲಿ ಪ್ರಕಟಿಸಿದ ಕಸೂತಿ ಗ್ರಂಥದಲ್ಲಿ ಇದರ ವಿವರಣೆಯಿದೆ. ಆದುದರಿಂದ ಪರದೇಶದ ಪದ್ಧತಿಯೆಂದು ಕೆಲವರು ಭಾವಿಸುವ ಈ ಹವ್ಯಾಸದ ಬೇರುಗಳನ್ನು ಭಾರತದಲ್ಲಿಯೇ ಹುಡುಕಬೇಕಾಗುತ್ತದೆ.

ಕಲಿಕೆಯ ಕ್ರಮ ಹೀಗಿದೆ. ಕಲಿಯುವವರು ಬಲಗೈಯಲ್ಲಿ ಕೊಕ್ಕೆಸೂಜಿಯನ್ನು ಹಿಡಿದು ಬಟ್ಟೆಯ ಮೇಲಿನಿಂದ ಚುಚ್ಚುತ್ತಾರೆ. ದಾರವು ಬಟ್ಟೆಯ ಕೆಳಗೆ ಎಡಗೈಯಲ್ಲಿರುತ್ತದೆ. ಎಡಗೈ ದಾರವನ್ನು ಕೊಕ್ಕೆಗೆ ಸುತ್ತಿಕೊಡಬೇಕು. ಬಲಗೈ ಸೂಜಿಯನ್ನು ಸ್ವಲ್ಪ ತಿರುಗಿಸಿ ಕುಣಿಕೆಯನ್ನು ಮೇಲೆಳೆಯಬೇಕು. ಹೊಸ ಕುಣಿಕೆಯು ಹಿಂದಿನ ಕುಣಿಕೆಯೊಳಗಿನಿಂದ ಬಂದಾಗ ಸರಪಣಿ ಬೆಳೆಯುತ್ತದೆ. ತಿರುಗಿಸುವುದು ತಪ್ಪಿದರೆ ಕೊಕ್ಕೆ ಬಟ್ಟೆಯ ಎಳೆಗೆ ಸಿಕ್ಕಿಕೊಳ್ಳುತ್ತದೆ. ಕೊನೆಯ ಕುಣಿಕೆಯನ್ನು ಭದ್ರಪಡಿಸದಿದ್ದರೆ, ದಾರದ ತುದಿಯನ್ನೆಳೆದಾಗ ಇಡೀ ಸಾಲು ಬಿಚ್ಚಿಹೋಗುತ್ತದೆ. ನೋಡುವವರ ಕಣ್ಣು ಬಲಗೈಯ ಮೇಲಿದ್ದರೂ ಕೆಲಸದ ಅರ್ಧಭಾಗ ಕಾಣದ ಎಡಗೈಯದು. ಕೇವಲ ಚಿತ್ರ ನೋಡಿ ಕಲಿಯುವವರಿಗೆ ಇದು ಕಷ್ಟವಾಗುವುದಕ್ಕೆ ಮುಖ್ಯ ಕಾರಣ ಇದೇ ಆಗಿದೆ.

ಮಣಿ ಕೂರಿಸುವುದರಲ್ಲಿ ಎರಡು ವಿಧಾನಗಳಿವೆ. ಫ್ರಾನ್ಸಿನ ಲುನೆವಿಲ್ ಪಟ್ಟಣದಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ರೂಢಿಗೆ ಬಂದ ವಿಧಾನದಲ್ಲಿ ಮಣಿಗಳನ್ನು ಮೊದಲೇ ದಾರಕ್ಕೆ ಪೋಣಿಸಿ, ಬಟ್ಟೆಯ ಹಿಂಬದಿಯಿಂದ ಹೊಲಿಯುತ್ತಾರೆ, ಮಣಿಗಳು ಕೆಳಮುಖವಾಗಿರುತ್ತವೆ. ಭಾರತೀಯ ವಿಧಾನದಲ್ಲಿ ಬಟ್ಟೆಯ ಮುಂಬದಿ ಮೇಲಿರುತ್ತದೆ. ಮಣಿ ಅಥವಾ ಚಮಕಿಯನ್ನು ಸೂಜಿಯ ಮೇಲೆಯೇ ಏರಿಸಿಕೊಂಡು ಕೂರಿಸಲಾಗುತ್ತದೆ. ಆದ್ದರಿಂದ ಕೆಲಸ ಸಾಗಿದಂತೆ ವಿನ್ಯಾಸವು ಕಣ್ಣಿಗೆ ಕಾಣುತ್ತಿರುತ್ತದೆ.

ಈ ಮೂರು ಊರುಗಳ ಸುತ್ತಲಿನ ಗ್ರಾಮಾಂತರದಲ್ಲಿ ಲಂಬಾಣಿ ತಾಂಡಾಗಳಿವೆ. ಕಾಂಚಳಿ, ಫೇಟಿಯಾಗಳ ಮೇಲೆ ಕನ್ನಡಿ, ಕವಡೆ, ಮಣಿಗಳನ್ನು ಕೂರಿಸುವ ಲಂಬಾಣಿ ಸ್ತ್ರೀಯರ ಕಲೆ ತಾಯಿಯಿಂದ ಮಗಳಿಗೆ ಬಂದದ್ದು. ಅವರು ಸಾಮಾನ್ಯವಾಗಿ ಚೌಕಟ್ಟಿಲ್ಲದೆ, ಬಟ್ಟೆಯನ್ನು ಕೈಯಲ್ಲಿಯೇ ಹಿಡಿದು, ಸಾದಾ ಸೂಜಿಯಿಂದ ಹೊಲಿಯುತ್ತಾರೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2023ರಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ ಲಂಬಾಣಿ ಕಸೂತಿಯ 1755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಈ ಮನ್ನಣೆಯಿಂದ ಸಂಡೂರಿನ ಹೆಸರು ಬೆಳಗಿತಾದರೂ ಇತರೆಡೆಗಳ ತಾಂಡಾಗಳ ಹೊಲಿಗೆ ತಾನಾಗಿಯೇ ದಾಖಲಾಗುವುದಿಲ್ಲ. ಹಳೆಯ ಉಡುಪು ಪೆಟ್ಟಿಗೆ ಸೇರಿ, ಹೊಲಿದ ಕೈಗಳು ಮರೆಯಾದರೆ, ಹೊಲಿಗೆಗಳ ಹೆಸರುಗಳೂ ಅವುಗಳೊಂದಿಗೆ ಹೋಗುತ್ತವೆ.

ಇಲ್ಲಿಯೇ ಹವ್ಯಾಸಿಗಳ ಪಾತ್ರ ಮುಖ್ಯವೆನಿಸುತ್ತದೆ. ಸರಪಣಿ ಹೊಲಿಗೆ ಎರಡೂ ಪದ್ಧತಿಗಳಿಗೆ ಸಮಾನವಾದುದು. ಉಪಕರಣ ಮಾತ್ರ ಬೇರೆ. ಕುಣಿಕೆಯ ರಚನೆಯನ್ನು ಕೈಯಾರೆ ಬಲ್ಲವರು ಹಳೆಯ ಕಾಂಚಳಿಯ ಹಿಂಬದಿಯನ್ನು ತಿರುವಿ ನೋಡಿದರೆ ದಾರ ಸಾಗಿದ ದಾರಿಯನ್ನು ಓದಬಲ್ಲರು. ಆದರೆ ವಿನ್ಯಾಸವನ್ನು ನಕಲು ಮಾಡಿ ರವಿಕೆಗೆ ಇಳಿಸುವುದು ದಾಖಲೆಯಾಗಲಾರದು. ಹೊಲಿದವರ ಸಮ್ಮತಿ ಪಡೆದು, ಹೊಲಿಗೆಯ ಹೆಸರನ್ನು ಅವರ ಭಾಷೆಯಲ್ಲಿಯೇ ಬರೆದುಕೊಂಡು, ಊರು ಮತ್ತು ಕಾಲವನ್ನು ನಮೂದಿಸಿದಾಗ ಮಾತ್ರ ಅದು ಸಂಶೋಧನೆಗೆ ಆಕರವಾಗುತ್ತದೆ. ಇಂತಹ ಮಾದರಿ ಬಟ್ಟೆಗಳ ಒಂದೊಂದು ಸಂಪುಟ ಮೂರೂ ತಾಲ್ಲೂಕು ಕೇಂದ್ರಗಳ ಗ್ರಂಥಾಲಯಗಳಲ್ಲಿ ಸಿದ್ಧವಾಗುವುದು ಅಪೇಕ್ಷಣೀಯ.