ಕಡ್ಡಿಯೂ ಬೆರಳೂ

(ಬಾನುಲಿ ಭಾಷಣ)

ಕೆಲವು ತಿಂಗಳ ಹಿಂದಿನ ಮಾತು. ಪೋತ್ನಾಳದ ನಮ್ಮ ಮನೆಯ ಕಟ್ಟೆಯ ಮೇಲೆ ಸಂಜೆಯ ಹೊತ್ತು ಕುಳಿತಿದ್ದೆ. ನೆರೆಮನೆಯ ಹುಡುಗ, ಕಾಲೇಜಿನಲ್ಲಿ ಓದುತ್ತಿರುವವನು, ಗಿಟಾರನ್ನು ಹೆಗಲಿಗೇರಿಸಿಕೊಂಡು ಬಂದು ನಿಂತ. ಮುಖದಲ್ಲಿ ಉತ್ಸಾಹಕ್ಕಿಂತ ಬೇಸರವೇ ಹೆಚ್ಚಾಗಿತ್ತು. “ಸರ, ಇಷ್ಟು ದಿನ ಪಿಕ್ ಹಿಡಿದು ಬಾರ್ಸಿದೆ. ಈಗ ಹೈಬ್ರಿಡ್ ಅಂತ ಒಂದು ಪದ್ಧತಿ ಅದಂತ. ಪಿಕ್ಕೂ ಬೇಕಂತ, ಬೆರಳೂ ಬೇಕಂತ. ಯಾವ್ದಾರ ಒಂದು ಬಿಟ್ರ ಆಗಂಗಿಲ್ಲೇನ್ರಿ?” ಎಂದ.

ನಾನು ಕನ್ನಡದ ಮೇಷ್ಟರು, ಗಿಟಾರಿನ ಪಂಡಿತನಲ್ಲ. ಆದರೆ ನಮ್ಮ ಮನೆಯಲ್ಲಿ ತಂದೆಯವರ ಕಾಲದ ತಂಬೂರಿಯೊಂದು ಉಂಟು. ಅದರ ಶ್ರುತಿ ಕೂಡಿಸುವುದನ್ನು ಬಲ್ಲೆನಾದ್ದರಿಂದ ತಂತಿಯ ವಿಚಾರವೆಲ್ಲ ನನಗೆ ತಿಳಿದಿದೆಯೆಂದು ಅವನು ಭಾವಿಸಿದ್ದ. “ಯಾವುದನ್ನೂ ಬಿಡಬ್ಯಾಡ ತಮ್ಮಾ, ಸ್ವಲ್ಪ ವಿಚಾರ ಮಾಡಿ ಹೇಳ್ತೀನಿ” ಎಂದು ಕಳುಹಿಸಿದೆ. ಆ ವಿಚಾರದ ಫಲವೇ ಈ ಮಾತುಗಳು.

ಮೊದಲು ‘ಹೈಬ್ರಿಡ್’ ಎಂಬ ಮಾತನ್ನೇ ನೋಡೋಣ. ರಾಯಚೂರು ಸೀಮೆಯವರಿಗೆ ಇದು ಹೊಸದಲ್ಲ. ಹೈಬ್ರಿಡ್ ಜೋಳವನ್ನು ಉಂಡವರು ನಾವು. ಹೈಬ್ರಿಡ್ ಹತ್ತಿಯನ್ನು ಬೆಳೆದವರು ನಾವು. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಿಂದ ಹೊರಬಂದ ವರಲಕ್ಷ್ಮಿ ಹತ್ತಿಯ ಹೆಸರನ್ನು ನಮ್ಮ ಹಿರಿಯ ಒಕ್ಕಲಿಗರು ಇಂದಿಗೂ ಮರೆತಿಲ್ಲ. ಎರಡು ಬೇರೆ ಜಾತಿಯ ಹತ್ತಿಗಳ ಗುಣಗಳನ್ನು ಒಂದೇ ಗಿಡದಲ್ಲಿ ಕೂಡಿಸಿದ್ದು ಅದರ ವಿಶೇಷ. ಗಿಟಾರಿನಲ್ಲಿಯೂ ನಡೆದಿರುವುದು ಇಂಥದೇ ಕೂಡಾವಳಿ. ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಪಿಕ್ ಎಂಬ ಪುಟ್ಟ ಬಿಲ್ಲೆಯನ್ನು ಹಿಡಿದು, ಸುಮ್ಮನೆ ಉಳಿದಿರುವ ನಡುಬೆರಳು, ಉಂಗುರಬೆರಳು, ಕೆಲವೊಮ್ಮೆ ಕಿರುಬೆರಳು ಇವುಗಳಿಂದಲೂ ಅದೇ ಹೊತ್ತಿಗೆ ತಂತಿಗಳನ್ನು ಮೀಟುವುದು. ‘ಮಿಶ್ರ ಮೀಟು’ ಎಂದು ಇದನ್ನು ಕರೆದರೆ ತಪ್ಪಾಗದು.

ನಮ್ಮ ಭಾಷೆಯಲ್ಲಿ ಚರ್ಮವಾದ್ಯವನ್ನು ‘ಬಾರಿಸುತ್ತೇವೆ’, ತಂತಿಯನ್ನು ‘ಮೀಟುತ್ತೇವೆ’. ಬಾರಿಸುವುದೆಂದರೆ ಹೊಡೆಯುವುದು. ಮೀಟುವುದೆಂದರೆ ಅಡಿಯಿಂದ ಎತ್ತಿ ಬಿಡುವುದು. ಬಂಡೆಯನ್ನು ಎಬ್ಬಿಸುವ ಹಾರೆಗೆ ಮೀಟುಗೋಲು ಎಂಬ ಹೆಸರಿರುವುದು ಇದರಿಂದಲೇ. ಪಿಕ್ಕಿನ ಕೆಲಸ ಬಾರಿಸುವುದಕ್ಕೆ ಹತ್ತಿರವಾದುದು. ಬೆರಳಿನ ಕೆಲಸ ನಿಜವಾದ ಮೀಟು. ಹುಡುಗ “ಪಿಕ್ ಹಿಡಿದು ಬಾರ್ಸಿದೆ” ಎಂದದ್ದು ಅರಿಯದೆ ಆಡಿದ ಸರಿಯಾದ ಮಾತು. ಇನ್ನು ವಾದ್ಯದ ಕಡ್ಡಿಗೆ ಸಂಸ್ಕೃತದಲ್ಲಿ ‘ಕೋಣ’ ಎಂಬ ಹೆಸರುಂಟು. ಅಮರಕೋಶ ಇದನ್ನು ವೀಣೆ ಮೊದಲಾದವನ್ನು ನುಡಿಸುವ ಸಾಧನವೆಂದು ಹೇಳುತ್ತದೆ. ಕನ್ನಡ ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ಎಮ್ಮೆಯ ಗಂಡನನ್ನು ನೆನೆದು ನಗುತ್ತಿದ್ದರು. ನಗಲಿ. ಕೋಣವೂ ಬೇಕು, ಬೆರಳೂ ಬೇಕು ಎಂಬ ತಿಳಿವು ಹಳೆಯದು ಎನ್ನುವುದಷ್ಟೇ ನನ್ನ ಮಾತು.

ಇವೆರಡಕ್ಕೂ ಇರುವ ಭೇದವೇನು? ಗಟ್ಟಿಯಾದ ಪಿಕ್ಕು ತಂತಿಯನ್ನು ಥಟ್ಟನೆ ಬಿಡುತ್ತದೆ. ನಾದ ಚೂಪಾಗಿ, ಹೊಳಪಾಗಿ ಹೊರಡುತ್ತದೆ. ಮೆತ್ತನೆಯ ಬೆರಳ ತುದಿ ತಂತಿಯಿಂದ ಜಾರಿಕೊಳ್ಳುವಾಗ ಮೇಲಿನ ಸಣ್ಣ ಅನುಸ್ವರಗಳನ್ನು ತಗ್ಗಿಸುತ್ತದೆ, ನಾದ ದುಂಡಾಗುತ್ತದೆ. ಪಿಕ್ಕಿಗೆ ವೇಗವಿದೆ, ದನಿಯಿದೆ. ಆದರೆ ಅದು ಒಂಟಿ. ಗಿಟಾರಿಗೆ ಆರು ತಂತಿಗಳು. ಎಲ್ಲಕ್ಕಿಂತ ದಪ್ಪನೆಯದು ಆರನೆಯದು, ಎಲ್ಲಕ್ಕಿಂತ ತೆಳುವಾದದ್ದು ಮೊದಲನೆಯದು. ಪಿಕ್ಕೊಂದರಿಂದಲೇ ಆರನೆಯ ತಂತಿಯನ್ನೂ ಒಂದನೆಯದನ್ನೂ ಏಕಕಾಲಕ್ಕೆ ನುಡಿಸಲು ಬಾರದು. ನಡುವಿನ ನಾಲ್ಕನ್ನೂ ಸವರಿಕೊಂಡೇ ಹೋಗಬೇಕು. ಬೆರಳುಗಳಾದರೋ ಬೇಕಾದ ತಂತಿಗಳನ್ನು ಆರಿಸಿಕೊಂಡು ಒಮ್ಮೆಗೇ ಮೀಟಬಲ್ಲವು. ಆದರೆ ಬರಿಯ ಬೆರಳಿಗೆ ಪಿಕ್ಕಿನ ಆ ಚುರುಕು ಬರುವುದು ಕಷ್ಟ.

ಈ ಇಕ್ಕಟ್ಟು ಬಹಳ ಹಳೆಯದು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಕಡೆಯಿಂದ ಸ್ಪೇನಿನ ಕಾರ್ಡೋಬಾಕ್ಕೆ ಬಂದ ಜಿರ್ಯಾಬ್ ಎಂಬ ಗಾಯಕನು ಊದ್ ವಾದ್ಯದ ಮರದ ಕಡ್ಡಿಯನ್ನು ಬಿಟ್ಟು ಹದ್ದಿನ ಗರಿಯನ್ನು ಹಿಡಿದನೆಂದು ಪರಂಪರೆ ಹೇಳುತ್ತದೆ. ಊದಿನ ವಂಶದಲ್ಲಿ ಹುಟ್ಟಿದ ಯುರೋಪಿನ ಲೂಟ್ ಕೂಡ ಬಹುಕಾಲ ಗರಿಯಿಂದಲೇ ನುಡಿಯುತ್ತಿತ್ತು. ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ವಾದಕರು ಗರಿಯನ್ನು ಕೆಳಗಿಟ್ಟು ಬೆರಳುಗಳನ್ನು ಬಳಸತೊಡಗಿದರು. ಕಾರಣ ಸರಳ: ಅಲ್ಲಿಯ ಸಂಗೀತದಲ್ಲಿ ಎರಡು, ಮೂರು, ನಾಲ್ಕು ಸ್ವರಧಾರೆಗಳು ಒಟ್ಟಿಗೆ ಹರಿಯತೊಡಗಿದ್ದವು. ಒಬ್ಬನೇ ಕುಳಿತು ಅವನ್ನೆಲ್ಲ ನುಡಿಸಬೇಕಾದರೆ ಒಂದು ಗರಿ ಸಾಲದಾಯಿತು. ಅದೇ ಕಾಲದ ಸ್ಪೇನಿನಲ್ಲಿ ಗಿಟಾರಿನ ಬಂಧುವಾದ ವಿಹುವೇಲಾಕ್ಕೆ ‘ಕೈಯ ವಿಹುವೇಲಾ’, ‘ಗರಿಯ ವಿಹುವೇಲಾ’ ಎಂದು ಎರಡು ಹೆಸರುಗಳೇ ಇದ್ದವು. ಗರಿಯವರೊಂದು ಪಂಗಡ, ಕೈಯವರೊಂದು ಪಂಗಡ.

ಈ ಎರಡು ಪಂಗಡಗಳನ್ನು ಒಂದೇ ಕೈಯಲ್ಲಿ ಕೂಡಿಸಿದವರಲ್ಲಿ ಅಮೆರಿಕದ ಹಳ್ಳಿಗಾಡಿನ ಸಂಗೀತದ ವಾದಕರ ಪಾತ್ರ ದೊಡ್ಡದು. ಮರ್ಲ್ ಟ್ರಾವಿಸ್, ಚೆಟ್ ಆಟ್ಕಿನ್ಸ್ ಮೊದಲಾದವರು ಹೆಬ್ಬೆರಳಿಗೆ ಉಂಗುರದಂಥ ಪಿಕ್ಕನ್ನು ತೊಟ್ಟು ಕೆಳಸ್ವರಗಳನ್ನು ನಡೆಸುತ್ತ, ಉಳಿದ ಬೆರಳುಗಳಿಂದ ಹಾಡನ್ನು ನುಡಿಸಿದರು. 1939ರಲ್ಲಿ ಹುಟ್ಟಿದ ಜೇಮ್ಸ್ ಬರ್ಟನ್ ಎಂಬ ಇನ್ನೊಬ್ಬರು ಚಪ್ಪಟೆ ಪಿಕ್ಕನ್ನು ಎರಡು ಬೆರಳಲ್ಲಿ ಹಿಡಿದು, ನಡುಬೆರಳಿಗೆ ಬೇರೊಂದು ಪಿಕ್ಕನ್ನು ತೊಟ್ಟು ನುಡಿಸಿ ಹೆಸರಾದರು.

ಆದರೆ ಇದಕ್ಕಾಗಿ ಅಷ್ಟು ದೂರ ಹೋಗಬೇಕೆ? ನಮ್ಮ ವೈಣಿಕರ ಬಲಗೈಯನ್ನು ನೋಡಿ. ತೋರುಬೆರಳು, ನಡುಬೆರಳುಗಳು ನಾಲ್ಕು ಮುಖ್ಯ ತಂತಿಗಳನ್ನು ಮೀಟುತ್ತವೆ. ಪಕ್ಕದ ಮೂರು ತಾಳದ ತಂತಿಗಳು ಕಿರುಬೆರಳಿನ ಪಾಲಿಗೆ. ವೀಣೆ ಶೇಷಣ್ಣನವರ, ದೊರೆಸ್ವಾಮಿ ಅಯ್ಯಂಗಾರ್ಯರ ಪರಂಪರೆಯನ್ನು ಮೆಚ್ಚುವ ನಾವು, ರಾಗವೂ ತಾಳವೂ ಒಂದೇ ಕೈಯಲ್ಲಿ ಬೇರೆ ಬೇರೆ ಬೆರಳುಗಳಿಗೆ ಹಂಚಿಕೆಯಾಗಿರುವ ಸೋಜಿಗವನ್ನು ಗಮನಿಸುವುದೇ ಇಲ್ಲ. ನಾಲ್ಕು ತಂತಿಯ ತಂಬೂರಿಯಲ್ಲಿಯೂ ಮೊದಲ ತಂತಿಗೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ರುದ್ರವೀಣೆಯಲ್ಲಿ ಎರಡು ಬೆರಳಿಗೆ ಮಿಜರಾಬ್ ತೊಟ್ಟು, ಚಿಕಾರಿ ತಂತಿಯನ್ನು ಕಿರುಬೆರಳ ಉಗುರಿಗೆ ಬಿಡುತ್ತಾರೆ.

ಇನ್ನೂ ಹತ್ತಿರಕ್ಕೆ ಬರೋಣ. ನಮ್ಮ ಮಾನ್ವಿಯ ನೆಲ ದಾಸರ ನೆಲ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ ನಮ್ಮ ಸುತ್ತಿನವು. ಗೋಪಾಲದಾಸರ ಮೊಸರಕಲ್ಲು ಪಕ್ಕದ ದೇವದುರ್ಗದ್ದು. ದಾಸರ ಚಿತ್ರವನ್ನು ನೆನೆದುಕೊಳ್ಳಿ: ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ, ಬಾಯಲ್ಲಿ ಹಾಡು. ಮನೆಮನೆಗೆ ನಡೆದು ಹಾಡುವವನ ಹಿಂದೆ ಪಕ್ಕವಾದ್ಯದವರ ಮೇಳ ಬರುವುದಿಲ್ಲ. ಶ್ರುತಿ, ತಾಳ, ಲಯ, ಸಾಹಿತ್ಯ ಎಲ್ಲವನ್ನೂ ಅವನೊಬ್ಬನೇ ಹೊರಬೇಕು. 2014ರಲ್ಲಿ ನಮ್ಮನ್ನಗಲಿದ ಬುರ್ರಕಥೆಯ ದರೋಜಿ ಈರಮ್ಮನವರ ಕಲೆಯಲ್ಲಿಯೂ ತಂಬೂರಿ, ತಾಳ, ಕಥೆ ಬೇರೆಬೇರೆಯಾಗಿರಲಿಲ್ಲ. ಮಿಶ್ರ ಮೀಟಿನ ಮೂಲ ಇಲ್ಲಿದೆಯೆಂದು ನನಗೆ ತೋರುತ್ತದೆ. ಅದು ಚಮತ್ಕಾರಕ್ಕಾಗಿ ಹುಟ್ಟಿದ್ದಲ್ಲ. ಒಬ್ಬನೇ ಹಲವರಾಗಬೇಕಾದ ಬಡತನದಲ್ಲಿ ಹುಟ್ಟಿದ್ದು.

ನೆರೆಮನೆಯ ಹುಡುಗನ ಅಗತ್ಯವೂ ಅದೇ ಆಗಿತ್ತು. ಅವನ ತಂಗಿ ಚೆನ್ನಾಗಿ ಹಾಡುತ್ತಾಳೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅವಳ ಹಾಡು. ಜೊತೆಗೆ ಇದೊಂದೇ ಗಿಟಾರು. ತಬಲದವರಿಲ್ಲ, ಹಾರ್ಮೋನಿಯಂ ಇಲ್ಲ. ಕೆಳಸ್ವರದ ನಡೆಯನ್ನೂ ಹಾಡಿನ ಎಳೆಯನ್ನೂ ಅವನೇ ನುಡಿಸಬೇಕು. ಹಾಡಿನ ಕೊನೆಗೆ ಮತ್ತೆ ಜೋರಾಗಿ ಬಾರಿಸಬೇಕಾದ ಜಾಗವೊಂದಿದೆ. ಆಗ ಪಿಕ್ಕನ್ನು ಹುಡುಕುತ್ತ ಕೂರಲಾಗದು. ಆದ್ದರಿಂದಲೇ ಪಿಕ್ಕೂ ಕೈಯಲ್ಲಿರಬೇಕು, ಬೆರಳೂ ನುಡಿಯಬೇಕು.

ಕಲಿಯುವ ಕ್ರಮವೇನು? ಮೊದಲು ಎಡಗೈಗೆ ರಜೆ. ಬಿಟ್ಟ ತಂತಿಗಳ ಮೇಲೆಯೇ ಅಭ್ಯಾಸ. ಪಿಕ್ಕನ್ನು ಸಡಿಲವಾಗಿ ಹಿಡಿದು, ಅದರ ತುದಿ ಮಾತ್ರ ಹೊರಗೆ ಕಾಣುವಂತೆ ಇರಿಸಬೇಕು. ಪಿಕ್ಕು ನಾಲ್ಕನೆಯ ತಂತಿಯ ಮೇಲೆ, ನಡುಬೆರಳು ಮೂರನೆಯದರ ಮೇಲೆ, ಉಂಗುರಬೆರಳು ಎರಡನೆಯದರ ಮೇಲೆ. ಮೂರನ್ನೂ ಒಮ್ಮೆಗೇ ನುಡಿಸಿ ಕಿವಿಗೊಡಬೇಕು: ಮೂರೂ ಸಮನಾಗಿ ಕೇಳಿಸುತ್ತವೆಯೆ? ಸಾಮಾನ್ಯವಾಗಿ ಪಿಕ್ಕು ಕೂಗುತ್ತದೆ, ಬೆರಳು ಪಿಸುಗುಟ್ಟುತ್ತದೆ. ಪಿಕ್ಕನ್ನು ತಗ್ಗಿಸಿ ಬೆರಳನ್ನು ಎಬ್ಬಿಸಿ ಸಮಮಾಡುವುದೇ ಮೊದಲ ಪಾಠ. ಆಮೇಲೆ ಒಂದರ ಹಿಂದೊಂದು: ಪಿಕ್ಕು, ನಡು, ಉಂಗುರ, ನಡು. ತಂತಿಯಿಂದ ತಂತಿಗೆ ಹಾರುವಾಗ ಇದರ ಲಾಭ ತಿಳಿಯುತ್ತದೆ. ಪಿಕ್ಕೊಂದೇ ಆದರೆ ಕೆಳಮುಖವಾಗಿ ಒಂದು ತಂತಿಯನ್ನು ಹೊಡೆದು, ಮುಂದಿನದನ್ನು ದಾಟಿ, ಮರಳಿ ಮೇಲ್ಮುಖವಾಗಿ ಹೊಡೆಯಬೇಕು. ಈಗ ಹಾಗಲ್ಲ, ಮುಂದಿನ ತಂತಿಯ ಬಳಿ ಬೆರಳು ಮೊದಲೇ ಕಾದು ಕುಳಿತಿರುತ್ತದೆ. ಕೈಯ ಓಡಾಟ ಉಳಿಯಿತು.

ಇಲ್ಲಿ ನನ್ನ ಕಸುಬು ಉಪಯೋಗಕ್ಕೆ ಬಂತು. ಜಗನ್ನಾಥದಾಸರ ಹರಿಕಥಾಮೃತಸಾರ ಭಾಮಿನೀ ಷಟ್ಪದಿಯಲ್ಲಿದೆ. ಅದರ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆಗಳ ಗಣಗಳದು. “ಪಿಕ್ಕು, ನಡು, ಉಂಗುರ, ಪಿಕ್ಕು, ನಡು, ಉಂಗುರ, ನಡು. ಹಿಂಗ ನುಡಿಸು” ಎಂದೆ. ಪ್ರತಿ ಗಣದ ಮೊದಲಿಗೆ ಪಿಕ್ಕು ಬೀಳುವುದರಿಂದ ಒತ್ತು ತಾನಾಗಿ ಬರುತ್ತದೆ. ಸಂಗೀತಗಾರರು ಈ ಮೂರು ನಾಲ್ಕರ ನಡೆಯನ್ನು ಮಿಶ್ರ ಛಾಪು ಎನ್ನುತ್ತಾರೆ. ಮಿಶ್ರ ಮೀಟಿಗೆ ಮಿಶ್ರ ಛಾಪು. ಹುಡುಗನಿಗೆ ಷಟ್ಪದಿಯ ಮೇಲೆ ಎಂದೂ ಇಲ್ಲದ ಪ್ರೀತಿ ಅಂದು ಹುಟ್ಟಿತು.

ಆದರೆ ಉತ್ಸಾಹದಿಂದ ಒಂದು ಅನಾಹುತವೂ ಆಯಿತು. ಉಂಗುರಬೆರಳು ಮಾತು ಕೇಳುವುದಿಲ್ಲವೆಂದು ಅವನು ದಿನಕ್ಕೆ ನಾಲ್ಕೈದು ತಾಸು ಬಿಡದೆ ಅಭ್ಯಾಸ ಮಾಡಿದ. ಮುಂಗೈ ನೋವು ಹತ್ತಿತು. ಎರಡು ವಾರ ಗಿಟಾರನ್ನು ಮುಟ್ಟುವಂತಿರಲಿಲ್ಲ. ತಪ್ಪಿನಲ್ಲಿ ನನಗೂ ಪಾಲಿದೆ. ಹೇಗೆ ಮಾಡಬೇಕೆಂದು ಹೇಳಿದೆನೇ ಹೊರತು, ಎಷ್ಟು ಮಾಡಬೇಕೆಂದು ಹೇಳಿರಲಿಲ್ಲ. ಈ ಬೆರಳಿನ ಹಟಕ್ಕೆ ಕಾರಣ ದೇಹದಲ್ಲೇ ಇದೆ. ಕೇಳುಗರು ಈಗಲೇ ಪರೀಕ್ಷಿಸಬಹುದು. ಅಂಗೈಯನ್ನು ಮೇಜಿನ ಮೇಲೆ ಊರಿ, ನಡುಬೆರಳನ್ನು ಒಳಕ್ಕೆ ಮಡಚಿ, ಉಂಗುರಬೆರಳನ್ನು ಮಾತ್ರ ಮೇಲೆತ್ತಲು ಪ್ರಯತ್ನಿಸಿ. ಅದು ಏಳುವುದಿಲ್ಲ. ಈ ಬೆರಳುಗಳನ್ನು ಎತ್ತುವ ಸ್ನಾಯುರಜ್ಜುಗಳು ಕೈಯ ಹಿಂಬದಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಅಣ್ಣನನ್ನು ಬಿಟ್ಟು ತಮ್ಮ ಹೊರಡನು. ಬಲವಂತದಿಂದ ಇದು ಬದಲಾಗದು. ಬೆರಳನ್ನು ಎತ್ತರಕ್ಕೆ ಎತ್ತುವ ಬದಲು ತಂತಿಯ ಸನಿಹದಲ್ಲೇ ಇರಿಸಿ, ಅಂಗೈಯ ಕಡೆಗೆ ಮೃದುವಾಗಿ ಎಳೆದುಕೊಂಡರೆ ಸಾಕು. ಹದಿನೈದು ನಿಮಿಷ ಅಭ್ಯಾಸ, ಆಮೇಲೆ ವಿರಾಮ. ವೇಗ ಕೊನೆಯ ಮಾತು. ನೋವೆಂಬುದು ಸಾಧನೆಯ ಲಕ್ಷಣವಲ್ಲ. ಅದು ನಿಲ್ಲಿಸೆಂಬ ಆಜ್ಞೆ.

ಗಿಟಾರು ಪರದೇಶದ ವಾದ್ಯ, ಅದರ ಗೊಡವೆ ನಮಗೇಕೆ ಎನ್ನುವವರುಂಟು. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಕ್ಲಾರಿಯೊನೆಟ್ಟಿನಲ್ಲಿ ಹಿಂದುಸ್ತಾನಿ ರಾಗಗಳನ್ನು ನುಡಿಸಿದ್ದನ್ನು ಕೇಳಿದ ನಮ್ಮ ಜಿಲ್ಲೆಯವರು ಈ ಮಾತನ್ನು ಆಡಲಾರರು. ಗಿಟಾರು ಕೂಡ ಬ್ರಿಜಭೂಷಣ ಕಾಬ್ರಾ, ವಿಶ್ವಮೋಹನ ಭಟ್ಟರ ಕೈಯಲ್ಲಿ ನಮ್ಮ ರಾಗಗಳಿಗೆ ಒಲಿದಿದೆ. ವಾದ್ಯ ಯಾವ ಊರಿನದೆಂದು ಕೇಳುವುದಕ್ಕಿಂತ ಅದು ಯಾರ ಹಾಡನ್ನು ನುಡಿಸುತ್ತಿದೆಯೆಂದು ಕೇಳುವುದು ಮೇಲು.

ವಾರ್ಷಿಕೋತ್ಸವದ ದಿನ ನಾನೂ ಹೋಗಿದ್ದೆ. ಹಾಡಿನ ಮೊದಲ ಭಾಗ ಮಿಶ್ರ ಮೀಟಿನಲ್ಲಿ ಚೆನ್ನಾಗಿಯೇ ನಡೆಯಿತು. ಎರಡನೆಯ ಚರಣದಲ್ಲಿ ಉಂಗುರಬೆರಳು ತಪ್ಪಿತು. ಹುಡುಗ ಗಾಬರಿಯಾಗಲಿಲ್ಲ, ಪಿಕ್ಕು ಕೈಯಲ್ಲೇ ಇತ್ತು, ಅದರಿಂದಲೇ ಕೆಳಸ್ವರವನ್ನು ನಡೆಸಿಕೊಂಡು ಹೋಗಿ, ಪಲ್ಲವಿಗೆ ಬಂದಾಗ ಮತ್ತೆ ಬೆರಳುಗಳನ್ನು ಕೂಡಿಸಿಕೊಂಡ. ತಂಗಿಯ ಹಾಡು ಎಲ್ಲಿಯೂ ನಿಲ್ಲಲಿಲ್ಲ. ಹೊರಗೆ ಬಂದಾಗ, “ತಪ್ಪಿತ್ರಿ ಸರ” ಎಂದ. “ತಪ್ಪಿತು ಖರೆ, ಆದ್ರ ಬಿಡಲಿಲ್ಲಲ್ಲ” ಎಂದೆ.

ಹೈಬ್ರಿಡ್ ಹತ್ತಿಗೂ ಹೈಬ್ರಿಡ್ ಮೀಟಿಗೂ ಒಂದು ಹೋಲಿಕೆ ಉಂಟು. ಹೈಬ್ರಿಡ್ ಬೆಳೆಯ ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಟ್ಟು ಬಿತ್ತಿದರೆ ಅದೇ ಗುಣದ ಫಸಲು ಬಾರದು. ಪ್ರತಿ ಸಲವೂ ಆ ಎರಡು ತಳಿಗಳನ್ನು ಹೊಸದಾಗಿ ಕೂಡಿಸಬೇಕು. ಕಡ್ಡಿಯನ್ನೂ ಬೆರಳನ್ನೂ ಕೂಡ ಹಾಗೆಯೇ. ದಿನವೂ ಬೆಳಗ್ಗೆ ಹೊಸದಾಗಿ ಕೂಡಿಸಬೇಕು. ಈಗ ನೆರೆಮನೆಯಿಂದ ನಸುಕಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು ತಂತಿಗಳ ಸದ್ದು ಕೇಳಿಬರುತ್ತದೆ. ಹದಿನೈದು ನಿಮಿಷವಾದ ಮೇಲೆ ಅದು ನಿಲ್ಲುತ್ತದೆ. ನಿಂತಿತೆಂಬುದೂ ನನಗೆ ಸಮಾಧಾನ.