ಬಿಟ್ಟು ಬಂದ ಮೇಲೂ ಉಳಿಯುವ ಕಾನೂನು

2020ರ ಜನವರಿ 31ರ ರಾತ್ರಿ ಹನ್ನೊಂದಕ್ಕೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂತು. ಬೆಂಗಳೂರಿನಲ್ಲಿ ಆಗ ಫೆಬ್ರವರಿ 1ರ ಬೆಳಗಿನ ಜಾವ ನಾಲ್ಕೂವರೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಬ್ರಿಟನ್ನಿನ ಬ್ಯಾಂಕು, ವಿಮಾ ಕಂಪನಿಗಳ ಕೆಲಸ ನಡೆಸುವ ಕಚೇರಿಗಳಿವೆ. ಪೀಣ್ಯದಿಂದ ಯಂತ್ರದ ಬಿಡಿಭಾಗಗಳು ಯುರೋಪಿಗೆ ಹೋಗುತ್ತವೆ. ಇವರು ಪಾಲಿಸಬೇಕಾದ ನಿಯಮಗಳೆಲ್ಲ ಅಂದು ಹಿಂದಿನ ದಿನ ಇದ್ದಂತೆಯೇ ಇದ್ದವು. ಆ ವರ್ಷದ ಕೊನೆಯವರೆಗೆ ಹಳೆಯ ವ್ಯವಸ್ಥೆಯೇ ನಡೆಯಲಿ ಎಂದು ಎರಡೂ ಕಡೆಯವರು ಒಪ್ಪಿಕೊಂಡಿದ್ದರು. ಆಮೇಲೂ ಬಹುಪಾಲು ನಿಯಮಗಳು ಉಳಿದುಕೊಂಡವು. ಅವನ್ನು ಉಳಿಸಿದ್ದು ಬಿಟ್ಟು ಬರುವುದಕ್ಕೆಂದೇ ಮಾಡಿದ ಕಾಯ್ದೆ.

ಬ್ರಿಟನ್ ಆಗಿನ ಯುರೋಪಿಯನ್ ಸಮುದಾಯವನ್ನು ಸೇರಿದ್ದು 1973ರ ಜನವರಿ 1ರಂದು. ಅಲ್ಲಿಯ ಕಾನೂನು ಬ್ರಿಟನ್ನಿನೊಳಗೂ ನಡೆಯುವಂತೆ ಮಾಡಿದ್ದು 1972ರ ಯುರೋಪಿಯನ್ ಸಮುದಾಯಗಳ ಕಾಯ್ದೆ. ಅದನ್ನು ರದ್ದು ಮಾಡಿ ಸುಮ್ಮನಾದರೆ, ಅದರ ಆಸರೆಯಲ್ಲಿ ನಿಂತ ಸಾವಿರಾರು ನಿಯಮಗಳೂ ಕುಸಿಯುತ್ತವೆ. ಆಹಾರದ ಲೇಬಲ್, ಕಾರ್ಮಿಕರ ಸಂಬಳಸಹಿತ ರಜೆ, ಯಂತ್ರಗಳ ಸುರಕ್ಷತೆ, ಎಲ್ಲಕ್ಕೂ ಒಂದೇ ದಿನ ಕಾನೂನಿಲ್ಲದಂತಾಗುತ್ತದೆ. ಹಾಗಾಗಿ 2018ರ ಜೂನ್ 26ರಂದು ರಾಣಿಯ ಅಂಕಿತ ಪಡೆದ ನಿರ್ಗಮನ ಕಾಯ್ದೆ ಎರಡು ಕೆಲಸ ಮಾಡಿತು. 1972ರ ಕಾಯ್ದೆಯನ್ನು ರದ್ದುಪಡಿಸಿತು. ಅದರಡಿ ಬಂದಿದ್ದ ನಿಯಮಗಳಲ್ಲಿ ಹೆಚ್ಚಿನವನ್ನು ಬ್ರಿಟನ್ನಿನದೇ ಕಾನೂನಾಗಿ ಮುಂದುವರಿಸಿತು.

ಕನ್ನಡ ನಾಡಿಗೆ ಇದು ಹೊಸದಲ್ಲ. 1956ರ ನವೆಂಬರ್ 1ರಂದು ಧಾರವಾಡ ಮುಂಬಯಿ ರಾಜ್ಯವನ್ನು ಬಿಟ್ಟಿತು, ರಾಯಚೂರು ಹೈದರಾಬಾದನ್ನು, ಮಂಗಳೂರು ಮದರಾಸನ್ನು. ರಾಜ್ಯ ಬದಲಾದರೂ ಕಾನೂನು ಬದಲಾಗಲಿಲ್ಲ. ಬೇರೆ ಶಾಸನ ಬರುವವರೆಗೆ ಆಯಾ ಪ್ರದೇಶದ ಹಳೆಯ ಕಾನೂನೇ ನಡೆಯಬೇಕೆಂದು ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಂ ಹೇಳಿತ್ತು. ಧಾರವಾಡದ ರೈತನಿಗೆ 1879ರ ಮುಂಬಯಿ ಕಂದಾಯ ಸಂಹಿತೆ, ರಾಯಚೂರಿನವನಿಗೆ ನಿಜಾಮರ ಕಾಲದ ಫಸಲಿ 1317ರ ಕಾಯ್ದೆ. ಆಗಿನ್ನೂ ಹೊಲಗಳಾಗಿದ್ದ ಪೀಣ್ಯದ ಜಮೀನಿಗೆ ಮೈಸೂರಿನ 1888ರ ಸಂಹಿತೆ. ಒಂದೇ ವಿಧಾನಸಭೆಯಡಿ ಹಲವು ಕಂದಾಯ ಕಾನೂನುಗಳು ಏಳು ವರ್ಷ ದಾಟಿ ನಡೆದವು. ಎಲ್ಲರಿಗೂ ಒಂದೇ ಭೂಕಂದಾಯ ಕಾಯ್ದೆ ಜಾರಿಯಾದದ್ದು 1964ರಲ್ಲಿ. ಬೆಂಗಳೂರಿನ ಹೊರವಲಯದಲ್ಲಿ ಸಾಗುವಳಿ ಜಮೀನನ್ನು ಕಾರ್ಖಾನೆಗೆಂದು ಭೂಪರಿವರ್ತನೆ ಮಾಡಿಸಿಕೊಂಡವರಿಗೆಲ್ಲ ಅದರ 95ನೇ ಕಲಂ ಬಾಯಿಪಾಠ.

ಹಳೆಯ ಕಾನೂನನ್ನು ಹಾಗೇ ಉಳಿಸಿಕೊಂಡರೆ ಮುಗಿಯಲಿಲ್ಲ, ಅದರೊಳಗಿನ ಪದಗಳನ್ನೂ ರಿಪೇರಿ ಮಾಡಬೇಕು. ರಾಸಾಯನಿಕಗಳನ್ನು ಹೆಲ್ಸಿಂಕಿಯ ಐರೋಪ್ಯ ಸಂಸ್ಥೆಯಲ್ಲಿ ನೋಂದಾಯಿಸಿ ಎನ್ನುವ ನಿಯಮ, ಒಕ್ಕೂಟ ಬಿಟ್ಟ ದೇಶಕ್ಕೆ ಅರ್ಥವಿಲ್ಲದ್ದು. ಈ ರಿಪೇರಿಯ ಅಧಿಕಾರವನ್ನು 2018ರ ಕಾಯ್ದೆ ಸಚಿವರಿಗೆ ಕೊಟ್ಟಿತು. ಸಂಸತ್ತು ಮಾಡಿದ ಕಾನೂನನ್ನು ಸರ್ಕಾರವೇ ಆದೇಶದ ಮೂಲಕ ಬದಲಿಸುವ ಇಂಥ ಅಧಿಕಾರಕ್ಕೆ ಅಲ್ಲಿ ಎಂಟನೆಯ ಹೆನ್ರಿಯ ಹೆಸರಿದೆ; 1539ರಲ್ಲಿ ಆ ರಾಜ ತನ್ನ ಘೋಷಣೆಗಳಿಗೆ ಶಾಸನದ ಬಲ ಪಡೆದುಕೊಂಡಿದ್ದ. ನನಗೆ ಇಡೀ ಕಥೆಯಲ್ಲಿ ಹೆಚ್ಚು ಕಳವಳದ ಭಾಗ ಇದೇ. ಹೊರಡುವ ನೋಟಿಸು ಕೊಡುವುದಕ್ಕೂ ಸಂಸತ್ತಿನ ಒಪ್ಪಿಗೆ ಬೇಕೆಂದು ಅಲ್ಲಿಯ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತೀರ್ಪಿತ್ತಿತ್ತು. ಅಷ್ಟು ಹೋರಾಡಿ ಪಡೆದ ಹಕ್ಕನ್ನು, ವಿವರಗಳ ಹೊತ್ತು ಬಂದಾಗ ಸಂಸತ್ತು ಬಹುಮಟ್ಟಿಗೆ ಸಚಿವಾಲಯಗಳಿಗೆ ಬಿಟ್ಟುಕೊಟ್ಟಿತು. ತಿದ್ದುವ ಕೆಲಸ ಬೇಕೇ ಬೇಕು, ನಿಜ. ಆದರೆ ಅದಕ್ಕೆ ಗಡುವು ಇರಬೇಕು. ನಮ್ಮ 1956ರ ಕಾಯ್ದೆ ಇಂಥ ಹೊಂದಾಣಿಕೆಗೆ ಒಂದೇ ವರ್ಷ ಕೊಟ್ಟಿತ್ತು. ಬ್ರಿಟನ್ನಿನದು, ಹಳೆಯ ವ್ಯವಸ್ಥೆ ನಡೆದ 2020ರ ಪರಿವರ್ತನಾ ಅವಧಿ ಮುಗಿದ ಮೇಲೆ ಎರಡು ವರ್ಷ.

ಗಡುವಿನ ಆತುರವೂ ಅಪಾಯವೇ. ಒಕ್ಕೂಟದಿಂದ ಬಂದು ಇನ್ನೂ ಬದಲಾಗದ ನಿಯಮಗಳೆಲ್ಲ 2023ರ ಕೊನೆಗೆ ತಾವಾಗಿಯೇ ರದ್ದಾಗಬೇಕೆಂಬ ಮಸೂದೆಯನ್ನು ಬ್ರಿಟನ್ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಮಂಡಿಸಿತು. ಯಾವ ನಿಯಮ ಎಲ್ಲಿದೆ ಎಂಬ ಪೂರ್ತಿ ಪಟ್ಟಿಯೇ ಆಗಿನ್ನೂ ಸಿದ್ಧವಿರಲಿಲ್ಲ. ಕಾರ್ಮಿಕ ಸಂಘಗಳೂ ಉದ್ಯಮಗಳೂ ವಿರೋಧಿಸಿದ ಮೇಲೆ ಸರ್ಕಾರ ಹಿಂದೆ ಸರಿದು, ಸುಮಾರು 600 ನಿಯಮಗಳನ್ನು ಹೆಸರಿಸಿ ಅಷ್ಟನ್ನೇ ರದ್ದು ಮಾಡಿತು. ಮಿಕ್ಕವು ಉಳಿದವು.

ಇದರ ಬಿಸಿ ನಮ್ಮವರಿಗೆ ತಟ್ಟುವುದು ಕಾಗದಪತ್ರದಲ್ಲಿ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ಜರ್ಮನಿಯ ಗ್ರಾಹಕರ ಮಾಹಿತಿಯನ್ನೂ ಬ್ರಿಟನ್ನಿನ ಗ್ರಾಹಕರ ಮಾಹಿತಿಯನ್ನೂ ನೋಡಿಕೊಳ್ಳುತ್ತದೆ ಎನ್ನಿ. ಮೊದಲು ಇಬ್ಬರಿಗೂ ಒಂದೇ ದತ್ತಾಂಶ ರಕ್ಷಣಾ ನಿಯಮ, ಅದೇ ಮಾದರಿ ಕರಾರು. ಈಗ ಬ್ರಿಟನ್ ಅದೇ ನಿಯಮದ ತನ್ನದೇ ಪ್ರತಿಯನ್ನು ಇಟ್ಟುಕೊಂಡಿದೆ. ಮಾಹಿತಿಯನ್ನು ಹೊರದೇಶಕ್ಕೆ ಕಳಿಸುವ ಬ್ರಿಟನ್ನಿನ ಪ್ರತ್ಯೇಕ ಕರಾರು 2022ರ ಮಾರ್ಚ್ 21ರಿಂದ ಜಾರಿಯಲ್ಲಿದೆ. ಜರ್ಮನಿಯ ಗ್ರಾಹಕರಿಗೆ ಒಂದು ಕರಾರು, ಲಂಡನ್ನಿನವರಿಗೆ ಇನ್ನೊಂದು ಕರಾರೋ ಪುರವಣಿಯೋ. ಪೀಣ್ಯದ ಯಂತ್ರ ತಯಾರಕರದು ಬೇರೆ ಅನುಭವ. ಯುರೋಪಿನ ಮಾರುಕಟ್ಟೆಗೆ ಯಂತ್ರದ ಮೇಲೆ ‘ಸಿಇ’ ಗುರುತು ಬೇಕು. ಬ್ರಿಟನ್ ಅದರ ಬದಲು ‘ಯುಕೆಸಿಎ’ ಎಂಬ ತನ್ನ ಗುರುತನ್ನು ಹೊರಡಿಸಿ, ಕಡ್ಡಾಯ ಮಾಡುವ ದಿನವನ್ನು ಮತ್ತೆ ಮತ್ತೆ ಮುಂದೂಡಿತು. 2023ರ ಆಗಸ್ಟ್‌ನಲ್ಲಿ, ಯಂತ್ರಗಳೂ ಸೇರಿ ಹಲವು ಸರಕುಗಳಿಗೆ ಸಿಇ ಗುರುತನ್ನೇ ಅನಿರ್ದಿಷ್ಟ ಕಾಲ ಒಪ್ಪುವುದಾಗಿ ಪ್ರಕಟಿಸಿತು. ರಾಸಾಯನಿಕಗಳಲ್ಲಿ ಹಾಗಾಗಲಿಲ್ಲ. ಅಲ್ಲಿ ಐರೋಪ್ಯ ಒಕ್ಕೂಟದ ನೋಂದಣಿ ಬೇರೆ, ಬ್ರಿಟನ್ನಿನದು ಬೇರೆ.