ಶನಿವಾರದ ಓದು

ಕಡೂರು ತಾಲ್ಲೂಕಿನ ದೇವನೂರು ಚಿಕ್ಕ ಊರು. ಲಕ್ಷ್ಮೀಶ ಕವಿ ಆ ಊರಿನವನು. ಅವನ ‘ಜೈಮಿನಿ ಭಾರತ’ ಅಜ್ಜಂಪುರದ ಹತ್ತಿರದ ನಮ್ಮೂರಿನ ಗುಡಿ ಜಗಲಿಯಲ್ಲಿ ಪ್ರತಿ ಶನಿವಾರ ಸಂಜೆ ಓದಾಗುತ್ತಿತ್ತು. ನಮ್ಮಜ್ಜ ರಾಗವಾಗಿ ಷಟ್ಪದಿ ಓದುವರು, ಮೇಷ್ಟ್ರೊಬ್ಬರು ಅರ್ಥ ಹೇಳುವರು. ಮುಂಗಾರಿನಲ್ಲಿ ಶುರುವಾದರೆ ವಾರಕ್ಕೊಂದರಂತೆ 34 ಸಂಧಿ ಮುಗಿಯುವಾಗ ಕಣದ ಕೆಲಸವೂ ಮುಗಿದಿರುತ್ತಿತ್ತು. ನಮ್ಮಂಥ ಹುಡುಗರ ಕಣ್ಣೆಲ್ಲ ಕೊನೆಯಲ್ಲಿ ಹಂಚುವ ಕಡಲೆ ಉಸಲಿಯ ಮೇಲೆ!

ನಾನಾಗ ಆರನೇ ಕ್ಲಾಸು. ರಾಗಿ ಕೊಯ್ಲಿನ ಕಾಲ. ಆಳುಗಳ ಲೆಕ್ಕ ಬರೆಯುವ ಕೆಲಸ ನನ್ನದು. ಶನಿವಾರ ಬಟವಾಡೆ. ಕೊಯ್ಲಿಗೆ ಬರುತ್ತಿದ್ದ ಒಬ್ಬ ಅಜ್ಜಿಗೆ ಪುಸ್ತಕ ನೋಡಿ ಐದು ದಿನದ ಕೂಲಿ ಎಣಿಸಿಕೊಟ್ಟೆ. ಅವರು ದುಡ್ಡನ್ನೊಮ್ಮೆ ನೋಡಿದರು, ನನ್ನ ಮುಖವನ್ನೊಮ್ಮೆ ನೋಡಿದರು, ಸೆರಗಿಗೆ ಗಂಟು ಹಾಕಿಕೊಂಡು ಹೋದರು.

ಅಂದು ಸಂಜೆ ಚಂದ್ರಹಾಸನ ಕಥೆ. ಮಂತ್ರಿ ದುಷ್ಟಬುದ್ಧಿ ಕಳಿಸಿದ ಕಟುಕರು ಅನಾಥ ಹುಡುಗನನ್ನು ಕೊಲ್ಲಲು ಕಾಡಿಗೆ ಒಯ್ಯುತ್ತಾರೆ. ಮಗುವಿನ ಮುಖ ನೋಡಿ ಅವರ ಕೈ ಏಳುವುದಿಲ್ಲ. ಅಜ್ಜನಿಗೆ ಅಂದು ದಣಿವೋ ಏನೋ, ಒಂದು ಪದ್ಯ ಹಾರಿಸಿ ಮುಂದೆ ಹೋದರು.

“ಸ್ವಾಮಿ, ಕಾಲಿನ ಆರನೇ ಬೆರಳು ಕುಯ್ದು ಗುರುತಿಗೆ ಒಯ್ದದ್ದು ಬಿಟ್ರಲ್ಲಾ?” ಎಂದು ಹಿಂದಿನಿಂದ ದನಿ ಬಂತು. ಅದೇ ಅಜ್ಜಿ. ಅವರಿಗೆ ಅಕ್ಷರ ಬಾರದು, ಆದರೆ ಕೇಳಿ ಕೇಳಿ ಕಥೆಯೆಲ್ಲ ಬಾಯಿಗೆ ಬಂದಿತ್ತು. “ಹೌದವ್ವಾ” ಎಂದು ಅಜ್ಜ ಕನ್ನಡಕ ಸರಿಮಾಡಿಕೊಂಡು ಹಿಂದಿನ ಪದ್ಯಕ್ಕೆ ಹೋದರು.

ನನಗೆ ಉಸಲಿ ರುಚಿಸಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದೆ. ಮಂಗಳವಾರ ಅವರ ಹೆಸರೇ ಇಲ್ಲ! ಅಂದು ಅವರು ನನ್ನೆದುರೇ ಕುಡುಗೋಲು ಹಿಡಿದಿದ್ದರು. ಅಜ್ಜನಿಗೆ ಹೇಳಿದೆ. ಬೈಯಲಿಲ್ಲ. ದುಡ್ಡು ಎಣಿಸಿ, ಲಾಟೀನು ಕೈಗಿತ್ತು, “ಈಗಲೇ ಹೋಗು” ಎಂದರು.

ಅವರ ಮನೆಯ ಗೋಡೆಯ ಮೇಲೆ ಇದ್ದಿಲಿನ ಆರು ಗೆರೆಗಳಿದ್ದವು.

“ಅಲ್ಲೇ ಯಾಕೆ ಕೇಳಲಿಲ್ಲ ಅಜ್ಜೀ?”

“ನಿಂಗೆ ಬೈತಾರೆ ಅಂತ ಸುಮ್ಕಿದ್ದೆ ಮಗಾ.”

ಮುಂದಿನ ವಾರಗಳಲ್ಲಿ ದುಷ್ಟಬುದ್ಧಿಯ ಪತ್ರ ಬಂತು. ‘ವಿಷ’ ಕೊಡು ಎಂದಿದ್ದುದನ್ನು ಅವನ ಮಗಳು ವಿಷಯೆ ತಿದ್ದಿ ತನ್ನ ಹೆಸರು ಮಾಡುತ್ತಾಳೆ. ಚಂದ್ರಹಾಸನಿಗೆ ಸಾವಿನ ಬದಲು ಮದುವೆ. ಎಲ್ಲರೂ ನಕ್ಕರು. ನಾನು ನನ್ನ ಲೆಕ್ಕದ ಪುಸ್ತಕ ನೆನೆದು ಕೂತಿದ್ದೆ.

ಇಷ್ಟೆಲ್ಲ ಮತ್ತೆ ನೆನಪಾದದ್ದು ಕೊಚ್ಚಿಯಲ್ಲಿ. ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾ ಮಂದಿರವಿದೆ. ನೆಲಕ್ಕೆಲ್ಲ ನೀಲಿ-ಬಿಳಿ ಚೀನೀ ಹೆಂಚು. ಯೆಹೂದ್ಯರಿಗೂ ಓದಿನ ದಿನ ಶನಿವಾರವೇ. ಅವರ ಧರ್ಮಗ್ರಂಥ ತೋರಾ, ಮೋಶೆಯ ಐದು ಪುಸ್ತಕಗಳು. ಅದನ್ನು 54 ಭಾಗ ಮಾಡಿ ವಾರವಾರ ಓದುತ್ತಾ ವರ್ಷಕ್ಕೆ ಮುಗಿಸುತ್ತಾರೆ. ಕೊನೆಯ ಭಾಗ ಮುಗಿದ ದಿನವೇ ಮೊದಲ ಭಾಗ ಶುರು! ಚರ್ಮದ ಸುರುಳಿಯಲ್ಲಿ ಕೈಯಿಂದ ಬರೆದ ಪ್ರತಿಯಲ್ಲಿ ಒಂದಕ್ಷರ ತಪ್ಪಿದರೂ ತಿದ್ದುವವರೆಗೆ ಅದು ಓದಿಗೆ ಸಲ್ಲದು. ಅದರಲ್ಲಿ ಸ್ವರಚಿಹ್ನೆಗಳೂ ಇಲ್ಲ, ರಾಗದ ಗುರುತೂ ಇಲ್ಲ. ಓದುವವನು ಎಲ್ಲ ಕಲಿತೇ ನಿಲ್ಲಬೇಕು. ಅರ್ಥ ಕೆಡುವಂತೆ ಓದಿದರೆ ಪಕ್ಕದವರು ಅಲ್ಲೇ ತಿದ್ದುತ್ತಾರೆ, ಅವನು ಹಿಂದೆ ಹೋಗಿ ಮತ್ತೆ ಓದುತ್ತಾನೆ.

‘ಕಿ ತೇತ್ಸೇ’ ಎಂಬ ವಾರದ ಭಾಗವಂತೂ ನಮ್ಮ ಸೀಮೆಯ ರೈತನಿಗೇ ಬರೆದಂತಿದೆ. ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬೇಡ. (ಅಮೃತಮಹಲ್ ದನಗಳ ಅಜ್ಜಂಪುರದವರು ಇದಕ್ಕೆ ತಲೆದೂಗಿಯಾರು!) ದಾರಿತಪ್ಪಿ ಬಂದ ದನವನ್ನು ಕಂಡೂ ಕಾಣದಂತೆ ಹೋಗಬೇಡ. ತೂಕದ ಕಲ್ಲು ಎರಡು ಬಗೆಯದು ಇಟ್ಟುಕೊಳ್ಳಬೇಡ. ಬಡವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಅಂದೇ ಕೊಟ್ಟುಬಿಡು, ಅವನ ಜೀವವೇ ಅದರ ಮೇಲಿದೆ.

ಇದನ್ನು ಓದಿದಾಗ ನನಗೆ ಕಂಡದ್ದು ಆ ಇದ್ದಿಲ ಗೆರೆಗಳು. ನನ್ನ ಮಂಗಳವಾರದ ಬಾಕಿ ತೀರಿದ್ದು ಶನಿವಾರ ರಾತ್ರಿ, ಲಾಟೀನಿನ ಬೆಳಕಿನಲ್ಲಿ.

ಈಗ ನಮ್ಮೂರ ಜಗಲಿಯಲ್ಲಿ ಓದು ನಿಂತಿದೆ. ಅಜ್ಜನ ಪುಸ್ತಕ ನನ್ನ ಬಳಿ ಇದೆ. ಶನಿವಾರ ಊಟಕ್ಕೆ ಮುಂಚೆ ಹತ್ತು ಪದ್ಯ ನಾನು ಓದುತ್ತೇನೆ, ಮಗಳು ಕೇಳುತ್ತಾಳೆ. ಹೋದ ವಾರ ಒಂದು ಸಾಲು ಬಿಟ್ಟೆ. “ಅಪ್ಪಾ, ಹಿಂದೆ ಹೋಗು” ಎಂದಳು.